ನನ್ನ ಮುಂದೆ ಯಾರೂ ನಗುವುದಿಲ್ಲ

ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಇಷ್ಟು ವರ್ಷವಾದರೂ, ಆಗಾಗ ಯಾರಾದರೂ ಒಳಗೆ ಬಂದು ನನ್ನ ಮುಖ ನೋಡಿ, ಮನೆಯಲ್ಲಿ ಎಲ್ಲ ಆರಾಮ ತಾನೇ ಅಂತ ವಿಚಾರಿಸುವುದು ನಿಂತಿಲ್ಲ. ಎಲ್ಲ ಆರಾಮವೇ. ನನ್ನ ಮುಖ ಇರುವುದೇ ಹಾಗೆ. ಶಾಲೆಯಲ್ಲಿ ಮೇಷ್ಟ್ರು ಹೊರಗೆ ಹೋಗುವಾಗ ಮಾನಿಟರನನ್ನು ಬಿಟ್ಟು ನನ್ನನ್ನೇ ಕರೆದು ಬೋರ್ಡಿನ ಮುಂದೆ ನಿಲ್ಲಿಸುತ್ತಿದ್ದರು. ನಾನು ಬಾಯಿ ಬಿಡಬೇಕಾಗಿರಲಿಲ್ಲ, ಕ್ಲಾಸು ತಣ್ಣಗಾಗುತ್ತಿತ್ತು. ಅದೂ ಹುಟ್ಟಿನಿಂದ ಬಂದ ಒಂದು ಕಲೆ ಅಂತ ಆಗ ಯಾರೂ ಹೇಳಲಿಲ್ಲ. ನನ್ನ ಆಸೆಯೋ ಬೇರೆ. ನಗುವ ಮುಖಗಳ ಫೋಟೋ ತೆಗೆಯಬೇಕು, ಮದುವೆ ಆಲ್ಬಮ್ಮುಗಳಲ್ಲಿ ಹೆಸರು ಮಾಡಬೇಕು.

೧. ಮದುಮಗಳು

ನನಗೆ ಸಿಕ್ಕ ಮೊದಲ ದೊಡ್ಡ ಮದುವೆ ಹೊಸನಗರದ್ದು. ಮದುಮಗಳು ಬೆಳಿಗ್ಗೆಯಿಂದ ಗೆಳತಿಯರ ಜೊತೆ ಬಿದ್ದು ಬಿದ್ದು ನಗುತ್ತಿದ್ದಳು. ನಾನು ಕ್ಯಾಮೆರಾ ಎತ್ತಿದ್ದೇ ತಡ, ನಗು ಮಾಯ. ಧಾರೆಯಲ್ಲೂ ಹಾಗೇ, ಊಟದ ಎಲೆಯ ಮುಂದೆಯೂ ಹಾಗೇ. ಆಲ್ಬಮ್ ತಲುಪಿದ ಮೇಲೆ ಹುಡುಗನ ತಾಯಿ ಫೋನ್ ಮಾಡಿದರು. ಬೈಯುತ್ತಾರೆ ಅಂದುಕೊಂಡೆ. ಅವರು ದನಿ ತಗ್ಗಿಸಿ ಕೇಳಿದ್ದು ಒಂದೇ ಮಾತು.

"ನೀವು ಹತ್ರದಿಂದ ನೋಡಿದೀರಿ, ನಿಜ ಹೇಳಿ. ಹುಡುಗಿಗೆ ಈ ಮದುವೆ ಒಪ್ಪಿಗೆ ಇತ್ತೋ ಇಲ್ವೋ?"

೨. ಜೋಕು

ಇದಕ್ಕೊಂದು ದಾರಿ ಹುಡುಕಬೇಕಲ್ಲ. ಜೋಕು ಕಲಿತೆ, ಕನ್ನಡಿಯ ಮುಂದೆ ನಿಂತು ಅಭ್ಯಾಸವನ್ನೂ ಮಾಡಿದೆ. ತೀರ್ಥಹಳ್ಳಿಯ ಒಂದು ನಿಶ್ಚಿತಾರ್ಥದಲ್ಲಿ ಎರಡೂ ಮನೆಯವರನ್ನು ಸಾಲಾಗಿ ನಿಲ್ಲಿಸಿ, ಬಾವಿಗೆ ಬಿದ್ದ ಕೊಡ ತೆಗೆಯಲು ಹೋಗಿ ತಾನೇ ಬಿದ್ದು, ಕೊಡ ಸಿಕ್ಕಿತು ಅಂತ ಒಳಗಿನಿಂದ ಹೆಂಡತಿಗೆ ಕೂಗಿದವನ ಕಥೆ ಹೇಳಿದೆ. ಎಲ್ಲರೂ ಮನಸ್ಸಿಟ್ಟು ಕೇಳಿದರು. ಮುಗಿದ ಮೇಲೆ ಹುಡುಗನ ಸೋದರಮಾವ ಸಾಲು ಬಿಟ್ಟು ಬಂದು ನನ್ನ ಕೈ ಹಿಡಿದುಕೊಂಡರು.

"ಅವ್ರು ನಿಮಗೆ ಏನಾಗ್ಬೇಕು? ಈಗ ಹ್ಯಾಗಿದಾರೆ?"

ಅಲ್ಲಿಗೆ ಮದುವೆಗೆ ಕರೆಯುವವರು ಇಲ್ಲವಾದರು. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತ ಕೂತೆ. ಅದಕ್ಕೆ ಹೇಗೂ ಯಾರೂ ನಗಬೇಕಾಗಿಲ್ಲ. ಸ್ಟುಡಿಯೋ ಮುಚ್ಚಿಬಿಡುವುದು ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ಬಹಳ ಸಂಕಟವಾಗಿತ್ತು. ನಾವು ಇಷ್ಟಪಟ್ಟ ಕೆಲಸಕ್ಕೆ ನಾವು ಇಷ್ಟವಾಗದಿದ್ದರೆ ಯಾರ ಹತ್ತಿರ ಹೇಳಿಕೊಳ್ಳುವುದು?

೩. ಮೀಸೆ

ಆ ದಿನಗಳಲ್ಲೇ ಕವಲೇದುರ್ಗದ ಕಡೆಯಿಂದ ಗೌಡರೊಬ್ಬರು ಬಂದರು. ಕೈಯಲ್ಲಿ ಖಾಲಿ ಫ್ರೇಮು, ಚೀಲದಲ್ಲಿ ಗಂಧದ ಹಾರ. ತಾವು ಹೋದ ಮೇಲೆ ಗೋಡೆಗೆ ಹಾಕುವ ಫೋಟೋವನ್ನು ಈಗಲೇ ತೆಗೆಸಿಡಬೇಕಂತೆ. ಮಕ್ಕಳಿಗೆ ಬಿಟ್ಟರೆ, ಟವೆಲ್ ಸುತ್ತಿಕೊಂಡು ನಿಂತಾಗ ಮೊಬೈಲಿನಲ್ಲಿ ತೆಗೆದದ್ದನ್ನೇ ದೊಡ್ಡದು ಮಾಡಿಸುತ್ತಾರಂತೆ. ಅಷ್ಟು ದೂರದಿಂದ ನನ್ನ ಹತ್ತಿರವೇ ಯಾಕೆ ಬಂದಿರಿ ಅಂತ ಕೇಳಿದೆ. ಆ ನಿಶ್ಚಿತಾರ್ಥದ ಫೋಟೋ ನೋಡಿದ್ದರಂತೆ.

"ನೀವು ತೆಗೆದ್ರೆ ಮುಖಕ್ಕೊಂದು ತೂಕ ಬರ್ತದೆ ಮಾರಾಯ್ರೆ. ಗೋಡೆ ಮೇಲಿದ್ರೂ ಮಕ್ಳು ಸ್ವಲ್ಪ ಹೆದರ್ಬೇಕು ನೋಡಿ."

ಒಂದೇ ಸಲಕ್ಕೆ ಚೆನ್ನಾಗಿ ಬಂತು. ಫೋಟೋವನ್ನು ಫ್ರೇಮಿಗೆ ಹಾಕಿಸಿ, ತಾವೇ ಹಾರ ತೊಡಿಸಿ, ಅದು ಮೀಸೆಗೆ ಅಡ್ಡ ಬರದ ಹಾಗೆ ಸರಿಮಾಡಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ನಿಂತು, ಚಪ್ಪಲಿ ಬಿಟ್ಟು, ತಮಗೆ ತಾವೇ ಕೈಮುಗಿದರು.

ಸುದ್ದಿ ಹಬ್ಬಿತು. ಸುತ್ತಿನ ಮೂರೂ ತಾಲೂಕುಗಳ ಹಿರಿಯರು ಬರತೊಡಗಿದರು. ನಾನು ಹುಡುಕಿದ ಕೆಲಸ ನನಗೆ ಸಿಗಲಿಲ್ಲ, ನನ್ನ ಮುಖ ತನ್ನ ಕೆಲಸವನ್ನು ತಾನೇ ಹುಡುಕಿಕೊಂಡಿತು. ಆದರೂ ನಾನು ತೆಗೆದ ಒಂದು ಫೋಟೋದಲ್ಲಾದರೂ ಯಾರಾದರೂ ನಗಬೇಕು ಅನ್ನುವ ಆಸೆ ಹಾಗೇ ಉಳಿದಿತ್ತು.

೪. ತುಮರಿಯ ಅಜ್ಜಿ

ಈಚೆಗೆ ತುಮರಿಯಿಂದ ಒಬ್ಬ ಅಜ್ಜಿ ಮಗನ ಜೊತೆ ಬಂದರು. ತೀರಿಕೊಂಡ ಅವರ ಯಜಮಾನರ ಫೋಟೋ ತೆಗೆದವನೂ ನಾನೇ. ಆಗ ಯಜಮಾನರು ಒಬ್ಬರೇ ಬಂದಿದ್ದರು, ಅಜ್ಜಿ ನನ್ನನ್ನು ನೋಡಿರಲಿಲ್ಲ. ಈಗ ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ನನ್ನನ್ನೇ ನೋಡತೊಡಗಿದರು.

"ನಮ್ಮನೆಯವ್ರು ನಗದೆ ಇದ್ದ ದಿನ ಇಲ್ಲ," ಅಂದರು. "ಫೋಟೋದಾಗೆ ಮಾತ್ರ ಬೇರೆ ಯಾರೋ ಕೂತಂಗೆ ಕಾಣ್ತಿತ್ತು. ಯಾರು ಅಂತ ಈಗ ಗೊತ್ತಾಯ್ತು. ಇಷ್ಟು ವರ್ಷ ದಿನಾ ಬೆಳಿಗ್ಗೆ ನಾನು ಹೂವು ಹಾಕಿದ್ದು ನಿಮಗೆ."

ಮೂರು ತಾಲೂಕಿನ ಗೋಡೆಗಳ ಮೇಲೆಲ್ಲ ನನ್ನ ಮುಖವೇ ಇರಬಹುದು. ಅಜ್ಜಿಯ ಮನೆಗೆ ಉಳಿಯಬೇಕಾಗಿದ್ದ ನಗುವನ್ನು ಕಳೆದವನು ನಾನು. ತಪ್ಪಾಯ್ತು ಅಂತ ಹೇಳಲು ಕ್ಯಾಮೆರಾದ ಹಿಂದಿನಿಂದ ತಲೆ ಎತ್ತಿದೆ. ಮುಖ ಮೊದಲಿಗಿಂತಲೂ ಕೆಟ್ಟಿರಬೇಕು. ಅದನ್ನು ನೋಡಿ ಅಜ್ಜಿ ತಡೆಯಲಾರದೆ ನಕ್ಕುಬಿಟ್ಟರು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ನನ್ನ ಬೆರಳು ತಾನಾಗಿ ಬಟನ್ ಒತ್ತಿತು.

ಮಗ ಒಪ್ಪಲಿಲ್ಲ, ಇದು ಗೋಡೆಗೆ ಹಾಕುವಂಥದ್ದಲ್ಲ ಅಂದ. ಅಜ್ಜಿ ಇದೇ ಸಾಕು ಅಂತ ಎದ್ದು ಹೊರಟರು.

ಕೆಲವು ತಿಂಗಳಿಗೆ ಅಜ್ಜಿ ತೀರಿಕೊಂಡರು. ಕಾರ್ಯ ಮುಗಿಸಿ ಮಗ ಸ್ಟುಡಿಯೋಗೆ ಬಂದ. ಮಾತಾಡಿಸಲು ಬಂದವರೆಲ್ಲ ಅಳುತ್ತ ಒಳಗೆ ಬಂದು ಫೋಟೋ ನೋಡಿ ನಕ್ಕುಬಿಡುತ್ತಿದ್ದರಂತೆ. ಮಂತ್ರ ಹೇಳುತ್ತಿದ್ದ ಭಟ್ಟರೂ ನಡುವೆ ನಿಲ್ಲಿಸಬೇಕಾಯಿತಂತೆ. ಬೇರೆ ಫೋಟೋ ಕೇಳುತ್ತಾನೆ ಅಂದುಕೊಂಡು, ಇರುವುದು ಅದೊಂದೇ ಅಂದೆ.

"ಬೇರೆ ಬ್ಯಾಡ," ಅಂದ. "ಇದನ್ನ ಅಪ್ಪನ ಪಕ್ಕಕ್ಕೇ ಹಾಕಿದೀವಿ. ಈಗ ಅಪ್ಪ ಏನೋ ತಮಾಷೆ ಹೇಳಿ, ಅಮ್ಮನ್ನ ನಗ್ಸಿ, ತಾನು ಮಾತ್ರ ಮುಖ ಬಿಗಿ ಹಿಡ್ಕೊಂಡು ಕೂತಂಗೆ ಕಾಣ್ತದೆ."