ಹಿಂದಕ್ಕೆ ತಿರುಗಿದ ಮೀಟರು

ರೀಡಿಂಗಿನ ಬಾಳು ಹಾಳಾಗಿದ್ದು ನೂರ ಅರವತ್ತಮೂರು ಯೂನಿಟ್ಟಿನಿಂದ. ಅದೂ ಯಾರೋ ಹೆಚ್ಚಿಗೆ ಉರಿಸಿದ ಯೂನಿಟ್ಟುಗಳಲ್ಲ, ಉರಿಸದೆ ಉಳಿಸಿದವು.

ಅವನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಹನ್ನೊಂದು ವರ್ಷದಿಂದ ಮನೆಮನೆಯ ಕರೆಂಟಿನ ಮೀಟರು ಓದುತ್ತ ಬಂದದ್ದಕ್ಕೆ ಬೀದಿಯವರೆಲ್ಲ ಅವನನ್ನು ರೀಡಿಂಗು ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷವೂ ಟೆಂಪರರಿ. ಅವನ ಮದುವೆಯ ಹೊತ್ತಿಗೆ ‘ಇನ್ನೇನು ಆರು ತಿಂಗಳಲ್ಲಿ ಖಾಯಂ’ ಎಂದು ಮಾವನಿಗೆ ಹೇಳಲಾಗಿತ್ತು. ಮಾವ ಅದನ್ನು ಮರೆತಿರಲಿಲ್ಲ, ಮರೆಯಲು ಯಾರಿಗೂ ಬಿಡುತ್ತಲೂ ಇರಲಿಲ್ಲ. ಕೊನೆಗೂ ಆ ದಿನ ಸಂಜೆ ನಾಲ್ಕಕ್ಕೆ ಖಾಯಂ ಆದೇಶಕ್ಕೆ ಸಹಿ ಬೀಳುವುದಿತ್ತು. ಷರತ್ತು ಒಂದೇ: ಅಲ್ಲಿಯವರೆಗೆ ಅವನ ಮೇಲೆ ಒಂದು ದೂರಾಗಲಿ, ಒಂದು ವಿವರಣೆಯಾಗಲಿ ಬಾಕಿ ಇರಬಾರದು.

ಬೆಳಿಗ್ಗೆ ಎಂಟಕ್ಕೆ ಮೊದಲ ಮನೆಯೇ ಮಾವನದು. ಮಾವ ನಿವೃತ್ತ ಹೆಡ್‌ಮಾಸ್ತರು. ಆರು ತಿಂಗಳ ಹಿಂದೆ ತಾರಸಿಯ ಮೇಲೆ ಸೋಲಾರ್ ಹಾಸುಗಳನ್ನು ಹಾಕಿಸಿದ್ದರು. ಅಂದಿನಿಂದ ಸೂರ್ಯ ತಮ್ಮದೇ ಶಾಲೆಯಲ್ಲಿ ಓದಿದ ಹುಡುಗ ಎಂಬಂತೆ ಮಾತಾಡುತ್ತಿದ್ದರು. ಹಾಸುಗಳಿಗೆ ಒಪ್ಪಿಗೆ ಕೊಟ್ಟ ಕಚೇರಿ, ಅದಕ್ಕೆ ತಕ್ಕ ಹೊಸ ಮೀಟರು ಕೊಡುವುದನ್ನು ಮಾತ್ರ ಮರೆತಿತ್ತು. ಹಳೆಯ ಚಕ್ರದ ಮೀಟರು. ಮನೆಗೆ ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ತಾರಸಿಯಿಂದ ಇಳಿದರೆ ಅದರ ಚಕ್ರ ಹಿಂದಕ್ಕೆ ತಿರುಗುತ್ತಿತ್ತು. ಈ ತಿಂಗಳು ಅತ್ತೆ ತಂಗಿಯ ಮನೆಗೆ ಹೋಗಿದ್ದರು. ಮಿಕ್ಸಿ ಇಲ್ಲ, ಟೀವಿ ಇಲ್ಲ, ಮಾವನ ಜೊತೆ ವಾದ ಮಾಡುವವರೂ ಇಲ್ಲ. ಚಕ್ರ ಇಡೀ ತಿಂಗಳು ಹಿಂದಕ್ಕೇ ಓಡಿತ್ತು.

“ನೋಡ್ರಿ ಅಳಿಯಂದಿರೇ, ಹೋದ ತಿಂಗಳು ನಾಲ್ಕು ಸಾವಿರದ ಇನ್ನೂರ ಹದಿನೆಂಟು. ಈ ತಿಂಗಳು ನಾಲ್ಕು ಸಾವಿರದ ಐವತ್ತೈದು! ನೀವೇ ನನಗೆ ದುಡ್ಡು ಕೊಡಬೇಕು ಈಗ” ಎಂದರು ಮಾವ.

ರೀಡಿಂಗು ಕೈಯಲ್ಲಿದ್ದ ಬಿಲ್ಲಿನ ಯಂತ್ರಕ್ಕೆ ಅಂಕಿ ಒತ್ತಿದ. ಯಂತ್ರ ಕುಂಯ್ ಎಂದಿತು. ‘ಹಿಂದಿನ ತಿಂಗಳಿಗಿಂತ ಕಡಿಮೆ. ಮೀಟರು ಒಂದು ಸುತ್ತು ಮುಗಿಸಿದೆಯೇ? ಹೌದು, ಇಲ್ಲ.’

‘ಇಲ್ಲ’ ಒತ್ತಿದರೆ ಯಂತ್ರ ಅಲ್ಲೇ ನಿಂತುಬಿಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅದನ್ನು ಹೊತ್ತುಕೊಂಡು ಕಚೇರಿಗೆ ಹೋಗಬೇಕು, ಮೂರು ಪುಟ ವಿವರಣೆ ಬರೆದುಕೊಡಬೇಕು, ವಾರಗಟ್ಟಲೆ ಕಾಯಬೇಕು. ಬೇರೆ ಯಾವ ದಿನವಾಗಿದ್ದರೂ ಬರೆಯುತ್ತಿದ್ದ. ಅವತ್ತು ಬರೆಯುವಂತಿರಲಿಲ್ಲ. ಹೌದು ಎಂದರೆ ಏನು ಮಹಾ ಆಗುತ್ತದೆ, ಸೊನ್ನೆ ಬಿಲ್ಲು ಬರುತ್ತದೆ ಎಂದುಕೊಂಡು ‘ಹೌದು’ ಒತ್ತಿದ. ಯಂತ್ರ ಸಮಾಧಾನದಿಂದ ಚೀಟಿ ಉಗುಳಿತು. ಮಾವನ ಕನ್ನಡಕ ಒಳಗಿತ್ತು, ರೀಡಿಂಗಿನ ಮನಸ್ಸು ಸಂಜೆ ನಾಲ್ಕರಲ್ಲಿತ್ತು. ಚೀಟಿಯನ್ನು ಇಬ್ಬರೂ ಓದಲಿಲ್ಲ.

ಐದು ಮನೆ ದಾಟುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿಸಿತು. ಬನಿಯನ್ನಿನಲ್ಲೇ ಮಾವ ಓಡಿಬರುತ್ತಿದ್ದರು, ಕೈಯಲ್ಲಿ ಚೀಟಿ.

“ತೊಂಬತ್ತೊಂಬತ್ತು ಸಾವಿರದ ಎಂಟುನೂರ ಮೂವತ್ತೇಳು ಯೂನಿಟ್ಟು! ಏನ್ರೀ ಇದು? ನಾನೇನು ಮನೇಲಿ ಉಕ್ಕು ಕರಗಿಸ್ತಿದೀನಾ?”

ರೀಡಿಂಗು ಚೀಟಿ ಕಸಿದುಕೊಂಡು ಓದಿದ. ಯಂತ್ರ ತಾನು ಕೇಳಿದ್ದನ್ನು ನಿಜವೆಂದೇ ನಂಬಿತ್ತು. ಮೀಟರು ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತರವರೆಗೆ ಓಡಿ, ಸೊನ್ನೆಯಿಂದ ಮತ್ತೆ ಶುರುಮಾಡಿ, ನಾಲ್ಕು ಸಾವಿರದ ಐವತ್ತೈದಕ್ಕೆ ಬಂದು ನಿಂತಿದೆ ಎಂದು ಲೆಕ್ಕ ಹಾಕಿತ್ತು. ಹಾಕಿದ್ದಷ್ಟೇ ಅಲ್ಲ, ಆ ಲೆಕ್ಕವನ್ನು ಆ ಕ್ಷಣದಲ್ಲೇ ಕಚೇರಿಗೂ ಕಳಿಸಿಬಿಟ್ಟಿತ್ತು.

ಗಲಾಟೆಗೆ ಎದುರು ಮನೆಯ ಟೈಲರಮ್ಮ ಅಳತೆ ಪಟ್ಟಿಯನ್ನು ಕೊರಳಲ್ಲಿ ನೇತುಹಾಕಿಕೊಂಡೇ ಹೊರಗೆ ಬಂದಳು. ಮೂಲೆಯ ಇಸ್ತ್ರಿಯವನು ಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೇ ಬಿಟ್ಟು ಬಂದ.

“ನಿಮ್ಮ ಲೈನಿಂದ ಯಾರೋ ಕರೆಂಟು ಕದೀತಿದಾರೆ ಸಾರ್” ಎಂದಳು ಟೈಲರಮ್ಮ, ಇಸ್ತ್ರಿಯವನನ್ನೇ ನೋಡುತ್ತ.

“ನನ್ನನ್ಯಾಕಮ್ಮ ನೋಡ್ತೀಯ? ನಂದು ಇದ್ದಿಲು ಪೆಟ್ಟಿಗೆ. ನಿನ್ನ ಹೊಲಿಗೆ ಮಿಷಿನ್ನಿಗೆ ತಾನೇ ಮೋಟರು ಇರೋದು!”

“ಸುಮ್ನಿರಿ ಇಬ್ರೂ” ಎಂದರು ಮಾವ. “ನಮ್ಮ ಅಳಿಯಂದಿರು ಇದ್ದಾರಲ್ಲ, ಹನ್ನೊಂದು ವರ್ಷದ ಅನುಭವ. ಮಧ್ಯಾಹ್ನದೊಳಗೆ ಇದನ್ನ ಸರಿ ಮಾಡಿಸ್ತಾರೆ. ಇಲ್ಲಾಂದ್ರೆ ನಾನೇ ಬರ್ತೀನಿ ಆಫೀಸಿಗೆ, ದೂರು ಬರ್ಕೊಂಡು.”

ದೂರು! ಆ ಒಂದು ಶಬ್ದಕ್ಕೆ ರೀಡಿಂಗು ಉಳಿದ ಮನೆಗಳನ್ನು ಅಲ್ಲಿಗೇ ಬಿಟ್ಟ. ಅವನು ಕಚೇರಿಯ ದಾರಿ ಹಿಡಿಯುವಷ್ಟರಲ್ಲಿ ಹೆಂಡತಿಯ ಫೋನು ಬಂತು.

“ಅಪ್ಪ ಇಲ್ಲಿ ಬಂದು ಕೂತಿದಾರೆ ಕಣ್ರೀ. ಕಾಫಿನೂ ಮುಟ್ಟಿಲ್ಲ. ನಿಮ್ಮ ಕೈಲಿ ಒಂದು ಅಂಕಿ ನೆಟ್ಟಗೆ ಬರಿಯಕ್ಕಾಗಲ್ವಾ? ಅದನ್ನ ಸರಿ ಮಾಡ್ಸಿ, ಖಾಯಂ ಆಗಿ, ಆಮೇಲೆ ಮನೆಗೆ ಬನ್ನಿ.”

ಎರಡೂ ಒಟ್ಟಿಗೆ ಆಗುವ ಕೆಲಸವಲ್ಲ ಎಂದು ಹೇಳುವ ಮೊದಲೇ ಫೋನು ಕಟ್ಟಾಯಿತು.

ಕಚೇರಿಯಲ್ಲಿ ಅಂದು ಬೇರೆಯೇ ಕಳೆ. ಕುರ್ಚಿಗಳಿಗೆ ಬಟ್ಟೆ ಹೊದಿಸಿದ್ದರು, ಕೆಟ್ಟಿದ್ದ ಫ್ಯಾನು ತಿರುಗುತ್ತಿತ್ತು. ರೀಡಿಂಗು ಸೀದಾ ಅಂಕಿಅಂಶದ ಮೇಜಿಗೆ ಹೋದ. ಅಲ್ಲಿ ಕೂರುವ ಹಿರಿಯಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಊರಿನ ಕರೆಂಟಿನ ಲೆಕ್ಕವೆಲ್ಲ ಅವಳ ಬೆರಳ ತುದಿಯಲ್ಲಿತ್ತು.

“ಅಕ್ಕಾ, ಬೆಳಿಗ್ಗೆ ಒಂದು ತಪ್ಪು...”

“ಶ್! ಬಾಯಿ ಮುಚ್ಚು” ಎಂದಳು ಅಕ್ಕ. ಅವನನ್ನು ಕಪಾಟಿನ ಹಿಂದಕ್ಕೆ ಎಳೆದುಕೊಂಡು ಹೋಗಿ, “ಒಳಗೆ ಯಾರಿದಾರೆ ಗೊತ್ತಾ? ಬಂಡೆ ಗ್ಯಾಸಿನ ಕಂಪನಿಯವರು” ಎಂದಳು.

ಬಂಡೆ ಗ್ಯಾಸಿನ ಕತೆ ಆರು ತಿಂಗಳಿಂದ ನಡೆದಿತ್ತು. ಊರಾಚೆ ನೆಲದ ಆಳದಲ್ಲಿ ಪದರ ಪದರವಾದ ಬಂಡೆಯಿದೆಯಂತೆ, ಅದರ ಸಂದಿಯಲ್ಲಿ ಗ್ಯಾಸು ಸಿಕ್ಕಿಕೊಂಡಿದೆಯಂತೆ. ನೀರು ಮರಳು ನುಗ್ಗಿಸಿ ಬಂಡೆ ಒಡೆದರೆ ಅದು ಹೊರಬರುತ್ತದೆ. ಅದರಿಂದ ಕರೆಂಟು ಮಾಡಬಹುದು. ತೊಂದರೆ ಏನೆಂದರೆ, ಒಂದು ಬಾವಿ ಕೊರೆಯಲು ಬೆಟ್ಟದಷ್ಟು ಖರ್ಚು, ಗ್ಯಾಸು ಮೊದಲ ವರ್ಷ ಭರ್ಜರಿಯಾಗಿ ಬಂದು ಮೂರನೆಯ ವರ್ಷಕ್ಕೆ ಏದುಸಿರು ಬಿಡುತ್ತದೆ. ಆಮೇಲೆ ಇನ್ನೊಂದು ಬಾವಿ, ಅದಾದ ಮೇಲೆ ಮತ್ತೊಂದು. ಹಾಗಾಗಿ ‘ಇಪ್ಪತ್ತೈದು ವರ್ಷ ಕೊಳ್ಳುತ್ತೇವೆ, ಬಳಸಿದರೂ ದುಡ್ಡು ಕೊಡುತ್ತೇವೆ, ಬಳಸದಿದ್ದರೂ ಕೊಡುತ್ತೇವೆ’ ಎಂದು ಯಾರಾದರೂ ಬರೆದುಕೊಟ್ಟರೆ ಮಾತ್ರ ಕಂಪನಿಗೆ ಬ್ಯಾಂಕು ಸಾಲ ಕೊಡುವುದು. ಬರೆದುಕೊಡಲು ಈ ಕಚೇರಿಯ ಮುಖ್ಯಸ್ಥರಾದ ಸೆಕ್ಷನ್ ಸಾಹೇಬರು ತುದಿಗಾಲಲ್ಲಿ ನಿಂತಿದ್ದರು. ಆದರೆ ಊರಿಗೆ ಅಷ್ಟು ಕರೆಂಟು ಬೇಕು ಎಂದು ತೋರಿಸಬೇಕಲ್ಲ? ಸೋಲಾರ್ ಹಾಸು ಹಾಕಿಸಿದ ಹನ್ನೊಂದು ಮನೆಗಳಲ್ಲಿ ತಿಂಗಳಿಂದ ತಿಂಗಳಿಗೆ ಬಳಕೆ ಇಳಿಯುತ್ತಲೇ ಇತ್ತು. ಎಲ್ಲರೂ ಹಾಕಿಸಿದರೆ ಗ್ಯಾಸು ಯಾರಿಗೆ ಬೇಕು ಎಂದು ಮೇಲಿನವರು ಕೇಳಿದ್ದರು.

“ಹತ್ತು ಮನೆ ನೀನು ಮೊನ್ನೆಯೇ ಓದಿದ್ದೆ. ಇವತ್ತು ಬೆಳಿಗ್ಗೆ ಹನ್ನೊಂದೂ ಸೇರಿ ಸರಾಸರಿ ಎಷ್ಟು ಬಂದಿದೆ ಗೊತ್ತಾ? ಒಂಬತ್ತು ಸಾವಿರ ಚಿಲ್ಲರೆ! ಹೋದ ತಿಂಗಳು ಎಪ್ಪತ್ತಿತ್ತು” ಎಂದಳು ಅಕ್ಕ.

“ಅಕ್ಕಾ, ಅದು ನಮ್ಮ ಮಾವನ ಮನೆ ಒಂದೇ...”

“ನಂಗೂ ಕಣ್ಣಿದೆಯಪ್ಪ. ಸಾಹೇಬರಿಗೂ ಇದೆ. ಆದ್ರೆ ಅವರು ಸರಾಸರಿ ಮಾತ್ರ ಕೇಳಿದ್ರು. ಕೇಳಿದ್ದಷ್ಟು ಕೊಟ್ಟೆ.”

ಅಷ್ಟರಲ್ಲಿ ಸಾಹೇಬರೇ ಹೊರಬಂದು ರೀಡಿಂಗಿನ ಹೆಗಲ ಮೇಲೆ ಕೈ ಹಾಕಿದರು. ಹನ್ನೊಂದು ವರ್ಷದಲ್ಲಿ ಆ ಕೈ ಅವನ ಹೆಗಲು ಮುಟ್ಟಿದ್ದು ಅದೇ ಮೊದಲು.

“ಬಾರಯ್ಯ, ನಿನ್ನೇ ಹುಡುಕ್ತಿದ್ದೆ. ನಿನ್ನ ಖಾಯಂ ಫೈಲು ನನ್ನ ಮೇಜಿನ ಮೇಲೇ ಇದೆ. ಅದಕ್ಕೆ ಮುಂಚೆ ಇಲ್ಲೊಂದು ಸಹಿ ಹಾಕು. ‘ಈ ಅಂಕಿಗಳನ್ನು ನಾನೇ ಕಣ್ಣಾರೆ ಓದಿದ್ದೇನೆ, ಸರಿಯಾಗಿವೆ’ ಅಂತ.”

“ಸಾರ್, ಒಂದು ಸಣ್ಣ ತಪ್ಪು...”

“ಸಣ್ಣದನ್ನೆಲ್ಲ ನಾಳೆ ನೋಡೋಣ. ಸಹಿ ಹಾಕಲ್ವಾ? ಹಾಗಾದ್ರೆ ವಿವರಣೆ ಬರೆದುಕೊಡು. ಖಾಯಂ ವಿಷಯ ಮುಂದಿನ ವರ್ಷ ನೋಡೋಣ.”

ರೀಡಿಂಗು ಪೆನ್ನು ಹಿಡಿದು ನಿಂತ. ಕಣ್ಣ ಮುಂದೆ ಹೆಂಡತಿ ಬಂದಳು, ‘ಆರು ತಿಂಗಳು’ ಎಂದು ಹನ್ನೊಂದು ವರ್ಷ ಹಂಗಿಸಿದ ಮಾವ ಬಂದರು. ಬಡಪಾಯಿ ಸಹಿ ಹಾಕಿದ. ಹಾಕುವಾಗ ಕೈ ನಡುಗಿತು ಎಂಬುದನ್ನು ಅವನ ಪರವಾಗಿ ಹೇಳಲೇಬೇಕು. ಆದರೆ ನಡುಗಿದ ಸಹಿಯೂ ಸಹಿಯೇ.

ಮೂರೂವರೆಗೆ ಮೆಟ್ಟಿಲ ಬಳಿ ಗದ್ದಲವೆದ್ದಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದೂರಿನ ಕಾಗದ ಹಿಡಿದು ಮಾವ ಬಂದಿದ್ದರು. ಹಿಂದೆ ಟೈಲರಮ್ಮ, ಇಸ್ತ್ರಿಯವನು. ರೀಡಿಂಗು ಕಪಾಟಿನ ಹಿಂದೆ ಸೇರಿಕೊಂಡ.

“ಎಲ್ಲಿ ನಿಮ್ಮ ಸಾಹೇಬ್ರು? ತೊಂಬತ್ತೊಂಬತ್ತು ಸಾವಿರ ಯೂನಿಟ್ಟು ಬರೆದಿದಾರೆ ನನ್ನ ಮನೆಗೆ!”

ಒಳಗಿನಿಂದ ಟೈ ಕಟ್ಟಿದವನೊಬ್ಬ ಎದ್ದು ಬಂದ. ಕಂಪನಿಯವನು. ಎರಡೂ ಕೈಯಿಂದ ಮಾವನ ಕೈ ಹಿಡಿದುಕೊಂಡು, “ತಾವೇನಾ ಅದು! ಬನ್ನಿ, ಬನ್ನಿ. ಊರಿನ ಅತಿ ದೊಡ್ಡ ಗ್ರಾಹಕರು ಖುದ್ದಾಗಿ ಬಂದಿದಾರೆ ಸಾಹೇಬ್ರೇ, ಕುರ್ಚಿ ಕೊಡಿ” ಎಂದ.

ಬಟ್ಟೆ ಹೊದಿಸಿದ ಕುರ್ಚಿಯಲ್ಲಿ ಮಾವ ಕೂತರು. ಅತಿ ದೊಡ್ಡ ಎಂಬ ಮಾತನ್ನು ನಿವೃತ್ತಿಯಾದ ಮೇಲೆ ಅವರಿಗೆ ಯಾರೂ ಹೇಳಿರಲಿಲ್ಲ.

“ಬಿಲ್ಲಿನ ಚಿಂತೆ ಬಿಡಿ” ಎಂದ ಟೈಯವನು. “ಇಷ್ಟು ದೊಡ್ಡ ಗ್ರಾಹಕರಿಗೆ ಮನೆ ದರ ಹಾಕೋದಿಲ್ಲ. ಕಾರ್ಖಾನೆ ರಿಯಾಯಿತಿ ಇದೆ, ಹಳೇ ಬಿಲ್ಲು ಮನ್ನಾ. ನಮ್ಮ ಮೊದಲ ಬಾವಿಗೆ ನೀವೇ ಗುಂಡಿ ಒತ್ತಬೇಕು. ಒಂದೇ ಪ್ರಶ್ನೆ: ತಾರಸಿ ಸೋಲಾರ್ ಸಾಲುತ್ತಾ ನಿಮಗೆ?”

ಕಪಾಟಿನ ಹಿಂದಿನಿಂದ ರೀಡಿಂಗು ಇಣುಕಿದ. ಮಾವ ದೂರಿನ ಕಾಗದವನ್ನು ಮಡಿಸಿದರು, ಇನ್ನೊಮ್ಮೆ ಮಡಿಸಿದರು, ಜೇಬಿಗಿಟ್ಟರು.

“ಎಲ್ಲಿ ಸಾಲುತ್ತೆ ಸ್ವಾಮಿ” ಎಂದರು. “ನಮ್ಮಂಥ ಮನೆಗೆ ಅದೆಲ್ಲ ಆಟದ ಸಾಮಾನು.”

“ಮೀಟರು ಸರಿ ಇದೆಯಾ?”

“ನನ್ನ ಮೀಟರಿಗೇನು ಧಾಡಿ! ಓದಿದ್ದು ನಮ್ಮ ಅಳಿಯಂದಿರೇ.”

“ಸಾರ್” ಎಂದಳು ಟೈಲರಮ್ಮ ಬಾಗಿಲಿನಿಂದ, “ಇವರಿಗೆ ಮನ್ನಾ ಆದ್ರೆ, ಇಪ್ಪತ್ತೈದು ವರ್ಷ ಬಳಸ್ದೇ ಇರೋ ಗ್ಯಾಸಿಗೆ ದುಡ್ಡು ಯಾರು ಕಟ್ಟೋದು?”

ಎಲ್ಲರೂ ಅವಳತ್ತ ತಿರುಗಿ ನೋಡಿದರು. ಸಾಹೇಬರು ಬಾಗಿಲು ಹಾಕಿಸಿದರು.

ನಾಲ್ಕಕ್ಕೆ ಎರಡು ಸಹಿಗಳಾದವು. ಒಂದು ಇಪ್ಪತ್ತೈದು ವರ್ಷದ ಒಪ್ಪಂದಕ್ಕೆ, ಇನ್ನೊಂದು ರೀಡಿಂಗಿನ ಖಾಯಂ ಆದೇಶಕ್ಕೆ. ಲಕೋಟೆ ಕೈಗೆ ಬಂದಾಗ ಅವನಿಗೆ ನಿಜವಾಗಿಯೂ ಕಣ್ಣು ತುಂಬಿತು. ತಪ್ಪು ಮಾಡಿದವನಿಗೂ ಹನ್ನೊಂದು ವರ್ಷದ ದಣಿವು ಇದ್ದೇ ಇರುತ್ತದೆ. ಮೊದಲು ಅಕ್ಕನಿಗೆ ತೋರಿಸೋಣವೆಂದು ಅವಳ ಮೇಜಿಗೆ ಓಡಿದ.

ಅಕ್ಕ ಒಪ್ಪಂದದ ಪ್ರತಿಗಳಿಗೆ ಠಸ್ಸೆ ಒತ್ತುತ್ತಿದ್ದಳು. ಅವನ ಆದೇಶ ಓದಿದಳು, ಒಪ್ಪಂದದ ಏಳನೆಯ ಪುಟ ತೆಗೆದು ಅದರ ಪಕ್ಕದಲ್ಲಿಟ್ಟಳು.

“ಇದನ್ನೂ ಓದಪ್ಪ. ಇಷ್ಟು ದೊಡ್ಡ ಒಪ್ಪಂದ ಆಗಿದ್ದಕ್ಕೆ ಕಂಪನಿ ಮನೆಮನೆಗೂ ತಾನಾಗೇ ಲೆಕ್ಕ ಕಳಿಸೋ ಮೀಟರು ಪುಕ್ಕಟೆ ಹಾಕ್ತಿದೆ. ಒಂದನೇ ತಾರೀಖಿಂದ ಮೀಟರು ಓದೋ ಹುದ್ದೆಗಳು ರದ್ದು.”

“ನನಗೇನಕ್ಕ? ನಾನು ಖಾಯಂ ಅಲ್ವಾ?”

“ಅದೇ ತೊಂದ್ರೆ. ಉಳಿದ ಹುಡುಗರೆಲ್ಲ ಟೆಂಪರರಿ. ಅವರನ್ನ ಸ್ಟೋರಿಗೋ ಕೌಂಟರಿಗೋ, ಎಲ್ಲಿಗೆ ಬೇಕಾದ್ರೂ ಹಾಕ್ಕೋಬಹುದು. ನೀನು ಮೀಟರು ಓದೋ ಹುದ್ದೆಗೇ ಖಾಯಂ. ಹುದ್ದೆ ಹೋದ್ರೆ ಅದರ ಜೊತೆ ನೀನೂ ಹೋಗ್ತೀಯ. ನಿಯಮ ಹಂಗಿದೆ.”

ರೀಡಿಂಗು ಸಾಹೇಬರ ಕೋಣೆಗೆ ನುಗ್ಗಿದ. “ಸಾರ್, ಆ ಅಂಕಿ ಸುಳ್ಳು! ಮೀಟರು ಹಿಂದಕ್ಕೆ ತಿರುಗಿದ್ದು ಸಾರ್! ತೊಂಬತ್ತೊಂಬತ್ತು ಸಾವಿರ ಅಲ್ಲ, ಸೊನ್ನೆಗಿಂತ ನೂರ ಅರವತ್ತಮೂರು ಕಡಿಮೆ! ಒಪ್ಪಂದ ನಿಲ್ಲಿಸಿ!”

ಸಾಹೇಬರು ಸಿಟ್ಟಾಗಲಿಲ್ಲ. ಮೇಜಿನಿಂದ ಒಂದು ಕಾಗದ ತೆಗೆದು, ಅವನ ನಡುಗುವ ಸಹಿಯ ಮೇಲೆ ಬೆರಳಿಟ್ಟರು.

“ಕಣ್ಣಾರೆ ಓದಿದ್ದೇನೆ ಅಂತ ನೀನೇ ಬರೆದುಕೊಟ್ಟಿದ್ದೀಯಲ್ಲಯ್ಯ. ನಾವು ಯಾರ ಮಾತು ನಂಬೋಣ, ಖಾಯಂ ನೌಕರನದಾ, ಕೆಲಸ ಹೋದವನದಾ?”

ಸಂಜೆ ಅವನು ಬೀದಿಗೆ ಬಂದಾಗ ಮಾವನ ಮನೆ ಮುಂದೆ ಏಣಿ ನಿಂತಿತ್ತು. ದೊಡ್ಡ ಗ್ರಾಹಕರ ತಾರಸಿಯ ಮೇಲೆ ಅಂಥದ್ದು ಇರುವುದು ಚೆನ್ನಾಗಿ ಕಾಣುವುದಿಲ್ಲವೆಂದು ಮಾವ ಹಾಸುಗಳನ್ನು ಇಳಿಸಲು ಆಳು ಕರೆಸಿದ್ದರು. ಟೈಲರಮ್ಮ ತನ್ನ ಬಾಗಿಲಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು.

“ಬನ್ನಿ ಅಳಿಯಂದಿರೇ!” ಎಂದು ಮಾವ ಬಾಯ್ತುಂಬ ಕರೆದರು. ಹನ್ನೊಂದು ವರ್ಷದಲ್ಲಿ ಆ ಕರೆಯಲ್ಲಿ ಕೊಂಕಿಲ್ಲದ್ದು ಅಂದೇ. “ಅಂತೂ ಖಾಯಂ ಆದ್ರಲ್ಲ?”

ರೀಡಿಂಗು ಗೋಡೆಯ ಮೀಟರನ್ನು ನೋಡಿದ. ಇಳಿಬಿಸಿಲಿನಲ್ಲಿ ಚಕ್ರ ಇನ್ನೂ ನಿಧಾನವಾಗಿ ಹಿಂದಕ್ಕೆ ತಿರುಗುತ್ತಿತ್ತು.

“ಹೌದು ಮಾವ” ಎಂದ. “ಒಂದನೇ ತಾರೀಖಿನವರೆಗೆ ಖಾಯಂ.”