ಮೇನ್ ಸ್ವಿಚ್ ಆರಿಸುವ ಹೊತ್ತು

ನಮ್ಮ ಸೋದರಮಾವನಿಗೆ ಈ ಭೂಮಿಯ ಮೇಲೆ ಬಾರದ ವಿದ್ಯೆ ಒಂದೇ: ಪಿಸುಮಾತು. ಅವರು ಗುಟ್ಟು ಹೇಳಿದರೆ ತ್ಯಾಗರಾಜನಗರದ ಅವರ ಬೀದಿಯಲ್ಲಿ ಕೇಳಿಸಿಕೊಳ್ಳದವರೇ ಇರುವುದಿಲ್ಲ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದ ದಿನ ಮಾವ ನಮ್ಮಮ್ಮನ ಕಿವಿಯ ಹತ್ತಿರ ಬಾಗಿ, ಬಾಯಿಗೆ ಕೈ ಅಡ್ಡ ಹಿಡಿದು, "ಹುಡುಗ ಪರವಾಗಿಲ್ಲ ಅಕ್ಕ, ಮೂಗೊಂದು ಸ್ವಲ್ಪ ದಪ್ಪ ಆಯ್ತು," ಎಂದರು. ಹುಡುಗ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ತನ್ನ ಮೂಗು ಮುಟ್ಟಿ ನೋಡಿಕೊಂಡ! ಆ ಮೂಗನ್ನೇ ಮದುವೆಯಾಗಿ ನಾನೀಗ ಕುಮಾರಸ್ವಾಮಿ ಲೇಔಟಿನಲ್ಲಿ ಸಂಸಾರ ಮಾಡಿಕೊಂಡಿದ್ದೇನೆ, ಆ ಮಾತು ಬೇರೆ.

ಇಂಥ ಮನುಷ್ಯ ಒಂದು ಇಡೀ ಆಲ್ಬಂ ಮೆಲುದನಿಯಲ್ಲಿ ಹಾಡಿದ್ದಾರೆ ಎಂದರೆ ನಂಬುತ್ತೀರಾ? ಕಣ್ಣಾರೆ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ. ಹಾಗೆ ಹಾಡಿಸಿದವರು ಅವರ ಹೆಂಡತಿ, ನಮ್ಮ ಅತ್ತೆ. ಅತ್ತೆ ಈಗಿಲ್ಲ. ಆದ್ದರಿಂದ ನಗುವ ಜಾಗದಲ್ಲಿ ನಾನು ಮೂಗು ಒರೆಸಿಕೊಂಡರೆ ನೀವು ಸ್ವಲ್ಪ ಸುಧಾರಿಸಿಕೊಳ್ಳಬೇಕು.

ಮಾವ ಹಗಲು ಹೊತ್ತು ಒಂದು ಇನ್ಶೂರೆನ್ಸ್ ಆಫೀಸಿನ ಗುಮಾಸ್ತರು, ಸಂಜೆ ಹಾರ್ಡ್ ರಾಕ್ ಗಾಯಕರು. ಕಾಲೇಜಿನ ದಿನಗಳಲ್ಲಿ ಶುರುವಾದ ಬ್ಯಾಂಡು. ಜೊತೆಗಾರರ ತಲೆ ನರೆಯಿತು, ಒಬ್ಬರದಂತೂ ಪೂರ್ತಿ ಬೋಳಾಯಿತು, ಹಾಡು ಮಾತ್ರ ಹಾಗೇ ಇತ್ತು. ಬರೆಯುತ್ತಿದ್ದದ್ದೆಲ್ಲ ಪ್ರಳಯ, ಬೆಂಕಿ, ಸರ್ವನಾಶ. ಆದರೆ ಸರ್ವನಾಶದ ರೆಕಾರ್ಡಿಂಗನ್ನು ರಾಹುಕಾಲದಲ್ಲಿ ಶುರು ಮಾಡುವಂತಿಲ್ಲ! ಆಯುಧಪೂಜೆಗೆ ಗಿಟಾರಿಗೆ ಕುಂಕುಮ, ಡ್ರಮ್ಮಿನ ಕಾಲ ಕೆಳಗೆ ನಿಂಬೆಹಣ್ಣು. ಮಾವನ ತಲೆಬುರುಡೆ ಚಿತ್ರದ ಕರಿ ಟೀ ಶರ್ಟನ್ನು ಅತ್ತೆ ಒಳಮೈ ಹೊರಗೆ ಮಾಡಿಯೇ ಒಣಹಾಕುತ್ತಿದ್ದರು. "ಶುಕ್ರವಾರ ಮನೆ ಮುಂದೆ ಬುರುಡೆ ನೇತಾಡ್ಬಾರ್ದು ಕಣ್ರೀ," ಎಂದು ಅವರ ಸಮಜಾಯಿಷಿ.

ಪ್ರಾಕ್ಟೀಸು ನಡೆಯುತ್ತಿದ್ದದ್ದು ಹಿತ್ತಲ ಕೋಣೆಯಲ್ಲಿ. ಸದ್ದು ಹೊರಗೆ ಹೋಗದಿರಲು ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಬೇಕು ಎಂದು ಯಾರೋ ಹೇಳಿಬಿಟ್ಟರು. ಮಾವ ಹಿಂದುಮುಂದು ನೋಡಲಿಲ್ಲ. ಸುದ್ದಗುಂಟೆಪಾಳ್ಯದಿಂದ ಡ್ರಮ್ಮರು ಸ್ಕೂಟರಿನ ತುಂಬ ಟ್ರೇ ಕಟ್ಟಿಕೊಂಡು ಹಾಡಹಗಲೇ ಬಂದಿಳಿದರು. ಬೆಳ್ಳುಳ್ಳಿಯೂ ಒಳಗೆ ಬಾರದ ಮನೆ ಅದು! ಎದುರುಮನೆಯ ಹಿರಿಯರು ಗೇಟಿನವರೆಗೆ ಬಂದು, "ಏನಮ್ಮಾ, ಇಷ್ಟೊಂದು? ಬಿಸಿನೆಸ್ಸಾ?" ಎಂದು ಕೇಳಿದರು. ಅತ್ತೆ ತಣ್ಣಗೆ, "ಅದರಲ್ಲಿ ಏನೂ ಇಲ್ಲ ಅಂಕಲ್, ಬರೀ ಖಾಲಿ. ಇವರ ಹಾಡಿಗೆ ಬೇಕಂತೆ," ಎಂದು ಹೇಳಿ, ಒಂದೊಂದು ಟ್ರೇಗೂ ಅರಿಶಿನದ ನೀರು ಚಿಮುಕಿಸಿ ಒಳಗೆ ಬಿಟ್ಟುಕೊಂಡರು. ಅರಿಶಿನದ ಚುಕ್ಕೆಯಿರುವ ಮೊಟ್ಟೆಯ ಟ್ರೇ ಪ್ರಪಂಚದ ಬೇರೆ ಯಾವ ಸ್ಟುಡಿಯೋದಲ್ಲೂ ಇರಲಿಕ್ಕಿಲ್ಲ. ಇಷ್ಟೆಲ್ಲ ಆದರೂ ಸದ್ದು ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಅದಕ್ಕೆ ಮದ್ದು ಅತ್ತೆಯ ಕೈಯಲ್ಲಿತ್ತು. ಮೆಟ್ಟಿಲ ಕೆಳಗಿನ ಮೇನ್ ಸ್ವಿಚ್ಚು. ಸಂಜೆ ದೇವರ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಕೋಣೆಯಲ್ಲಿ ಪ್ರಳಯ ಇನ್ನೇನು ಮುಗಿಲು ಮುಟ್ಟಬೇಕು, ಆಗ ಅತ್ತೆ ಹೋಗಿ ಸ್ವಿಚ್ಚು ಕೆಳಗೆಳೆಯುತ್ತಿದ್ದರು. ಮನೆಯೆಲ್ಲ ಕತ್ತಲೆ. ಡ್ರಮ್ಮರ ಕೋಲು ಗಾಳಿಯಲ್ಲೇ ನಿಲ್ಲುತ್ತಿತ್ತು. ಗಿಟಾರು ಗಪ್‌ಚಿಪ್. ಕರೆಂಟು ಬೇಡದ ಮಾವನ ಗಂಟಲು ಮಾತ್ರ ಇನ್ನೂ ನಾಲ್ಕು ಕ್ಷಣ ಒಂಟಿಯಾಗಿ ಕಿರುಚಿ ಆಮೇಲೆ ನಿಲ್ಲುತ್ತಿತ್ತು.

"ಲೇ! ಒಳ್ಳೇ ಟೈಮಲ್ಲಿ ಆರಿಸ್ತೀಯಲ್ಲೇ!"

"ದೀಪ ಹಚ್ಚೋ ಹೊತ್ತು. ದೇವರಿಗೂ ಕಿವಿ ಇದೆ ಕಣ್ರೀ."

ಜೊತೆಗಾರರು ಕತ್ತಲಲ್ಲಿ ಚಪ್ಪಲಿ ತಡಕಿಕೊಂಡು ಬೋಂಡ ತಿನ್ನಲು ಹೊರಡುತ್ತಿದ್ದರು. ಮಾವ ಮಾತ್ರ ಮುನಿಸಿಕೊಂಡು ಮೆಟ್ಟಿಲ ಮೇಲೆ ಕೂತು, ಕಾಲೇಜಿನ ಕಾಲದ, ವೈರಿಲ್ಲದ ಹಳೆಯ ಮರದ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಏನೋ ಮೀಟುತ್ತಿದ್ದರು. ಅತ್ತೆ ದೇವರ ಮುಂದೆ ಕೂತಿರುತ್ತಿದ್ದರು. ಆರಿಸಿದ ಕೈಯೇ ಮತ್ತೆ ಹಾಕಬೇಕು ಎಂಬುದು ಆ ಮನೆಯ ಕಾನೂನು. ಅವರು ಬೇಗ ಹಾಕುತ್ತಲೂ ಇರಲಿಲ್ಲ. ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿಟ್ಟ ಐಸ್‌ಕ್ರೀಮು ಪಾಯಸವಾದದ್ದನ್ನು ನಾನೇ ಕುಡಿದಿದ್ದೇನೆ.

ಆಮೇಲೆ ಅತ್ತೆ ಹಾಸಿಗೆ ಹಿಡಿದರು. ಆಸ್ಪತ್ರೆಯಲ್ಲಿ ಡಾಕ್ಟರು ಮಾವನನ್ನು ಪಕ್ಕಕ್ಕೆ ಕರೆದು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಮಾವ ಹೊರಗೆ ಬಂದು, ಅದೇ ಬಾಯಿಗೆ ಕೈ ಅಡ್ಡ ಹಿಡಿದು, "ಜಾಸ್ತಿ ದಿನ ಇಲ್ವಂತೆ ಪುಟ್ಟಿ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಇಡೀ ವಾರ್ಡಿಗೆ ಕೇಳಿಸಿತು. ಅತ್ತೆಗೂ ಕೇಳಿಸಿತು. "ಇವರಿಂದ ಗುಟ್ಟು ಮುಚ್ಚಿಡೋಕೆ ಆಗುತ್ತಾ?" ಎಂದು ಅವರೇ ನಕ್ಕರು. ನನಗೆ ನಗಲು ಆಗಲಿಲ್ಲ.

ಹಾಲ್‌ನಲ್ಲಿ ಅವರಿಗೆ ಮಂಚ ಹಾಕಿದೆವು. ಮಾವ ಬ್ಯಾಂಡು ನಿಲ್ಲಿಸುತ್ತೇನೆ ಎಂದರೆ ಅತ್ತೆ ಒಪ್ಪಲಿಲ್ಲ. ಮನೆಯಲ್ಲಿ ಸದ್ದಿಲ್ಲದಿದ್ದರೆ ಭಯವಾಗುತ್ತದೆ ಎಂದರು. ಸರಿ, ಒಂದು ಸಂಜೆ ಎಲ್ಲರೂ ಸೇರಿ ಬಾರಿಸತೊಡಗಿದರು. ಹೊತ್ತು ಮುಳುಗಿತು. ಹಾಡು ಮುಗಿಯಿತು. ಇನ್ನೊಂದು ಹಾಡೂ ಮುಗಿಯಿತು. ದೀಪಗಳು ಉರಿಯುತ್ತಲೇ ಇದ್ದವು. ಮಾವ ಗಿಟಾರಿನ ವೈರು ಎಳೆದುಕೊಂಡೇ ಹಾಲ್‌ಗೆ ಓಡಿ ಬಂದರು.

"ಯಾಕೆ ಆರಿಸ್ಲಿಲ್ಲ?"

"ಏಳೋಕೆ ಆಗಲ್ವಲ್ರೀ," ಎಂದರು ಅತ್ತೆ. ನಾನು ಅವರ ಕಾಲು ನೀವುತ್ತಿದ್ದೆ. ಆಮೇಲೆ ಅವರೇ ಹೇಳಿದರು: "ದೀಪ ಹಚ್ಚೋಕೆ ಎಷ್ಟು ಹೊತ್ತು ಬೇಕು? ಕಡ್ಡಿ ಗೀರಿದ್ರೆ ಆಯ್ತು. ಮೆಟ್ಟಿಲ ಮೇಲೆ ಕೂತು ಮೆಲ್ಲಗೆ ಏನೋ ನುಡಿಸ್ತಿದ್ರಲ್ಲ, ಅದನ್ನ ಕೇಳೋಕೆ ಆರಿಸಿಡ್ತಿದ್ದೆ. ಇಷ್ಟು ವರ್ಷ ಆದ್ರೂ ಗೊತ್ತಾಗ್ಲಿಲ್ವಾ ನಿಮಗೆ? ಅದನ್ನ ಒಂದು ಸಲ ಪೂರ್ತಿ ಕೇಳ್ಬೇಕು ಅಂತ ಆಸೆ. ಯಾವಾಗ್ಲೂ ಒಲೆ ಮೇಲೆ ಏನಾದ್ರೂ ಇರ್ತಿತ್ತು, ಅರ್ಧಕ್ಕೇ ಎದ್ದು ಲೈಟ್ ಹಾಕ್ಬೇಕಾಗ್ತಿತ್ತು."

ಮಾವ ಎಳೆದು ತಂದಿದ್ದ ವೈರನ್ನು ಸುತ್ತಿ ಮಂಚದ ಕೆಳಗಿಟ್ಟರು.

ಮರುದಿನವೇ ಅಪ್ಪಣೆ ಹೊರಟಿತು: ಮುಂದಿನ ಆಲ್ಬಂ ಪೂರ್ತಿ ಮರದ ಗಿಟಾರಿನದು, ರೆಕಾರ್ಡಿಂಗು ಹಾಲ್‌ನಲ್ಲಿ, ಅತ್ತೆಯ ಮಂಚದ ಪಕ್ಕ. ಎಲ್ಲರಿಗಿಂತ ಹೆಚ್ಚು ಕಷ್ಟಕ್ಕೆ ಸಿಕ್ಕಿಕೊಂಡವರು ಡ್ರಮ್ಮರು. "ಗುರು, ನಾನೇನು ಮಾಡ್ಲಿ? ಚಪ್ಪಾಳೆ ತಟ್ಲಾ?" ಎಂದು ಗೋಗರೆದರು. ಅವರ ಕೈಗೆ ಒಂದು ತಲೆದಿಂಬು ಕೊಟ್ಟೆವು. ಜೀವಮಾನವಿಡೀ ಗುಡುಗಿದ ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂತು ಹತ್ತಿಯ ದಿಂಬನ್ನು ಬೆರಳಲ್ಲಿ ತಟ್ಟಿದರು! ಫ್ಯಾನು, ಫ್ರಿಜ್ಜಿನ ಗೊರಗೊರ ಬೀಳಬಾರದೆಂದು ಮೇನ್ ಸ್ವಿಚ್ಚು ಆರಿಸಿ, ಬ್ಯಾಟರಿಯ ಮೇಲೆ ಓಡುವ ರೆಕಾರ್ಡರು ಇಟ್ಟರು.

ಮಾವ ಬಾಯಿ ತೆರೆದರು. ಎದುರುಮನೆಯ ಹಿರಿಯರು, "ಏನಾಯ್ತಮ್ಮಾ?" ಎಂದು ಗಾಬರಿಯಿಂದ ಓಡಿ ಬಂದರು. ಮಾವನ ಮಟ್ಟಿಗೆ ಅದೇ ಮೆಲುದನಿ! ಅತ್ತೆ ಮಲಗಿದ್ದಲ್ಲಿಂದಲೇ ಒಂದು ಬೆರಳು ಕೆಳಗೆ ಮಾಡಿದರು. ಮಾವ ಇಳಿಸಿದರು. ಮತ್ತೆ ಬೆರಳು. ಮತ್ತೆ ಇಳಿಸಿದರು. ದಿನಗಟ್ಟಲೆ ಇದೇ ಆಯಿತು. ಮಾವನಿಗೆ ಆತುರ. ಅತ್ತೆಯ ಬೆರಳು ಏಳುವುದೇ ದಿನದಿಂದ ದಿನಕ್ಕೆ ಕಷ್ಟವಾಗುತ್ತಿದ್ದುದನ್ನು ನಾವೆಲ್ಲ ನೋಡುತ್ತಿದ್ದೆವು. ಜಯನಗರದ ಹೋಟೆಲಿನಲ್ಲಿ ಒಬ್ಬ ಹಳೆಯ ಅಭಿಮಾನಿ ಸಿಕ್ಕಿ, "ಏನ್ ಅಂಕಲ್, ಮೆತ್ತಗಾಗ್ಬಿಟ್ರಂತೆ? ವಯಸ್ಸಾಯ್ತಾ?" ಎಂದ. ಮಾವ ಅರ್ಧ ಕಾಫಿ ಹಾಗೇ ಬಿಟ್ಟು, "ಟೈಮಿಲ್ಲ ಮಗಾ," ಎಂದು ಮನೆಗೆ ಓಡಿದರು.

ಕೊನೆಗೊಂದು ಸಂಜೆ ಆಲ್ಬಂ ಮುಗಿಯಿತು. ಮಾವ ಅದನ್ನು ಅತ್ತೆಯ ತಲೆಯ ಹತ್ತಿರ ಹಾಕಿ, ಪರೀಕ್ಷೆ ಬರೆದು ಬಂದವರ ಹಾಗೆ ಗೋಡೆಗೊರಗಿ ನಿಂತರು. ನೋವಿಗೆ ವಾರಗಟ್ಟಲೆ ಸರಿಯಾಗಿ ಕಣ್ಣು ಮುಚ್ಚದಿದ್ದ ಅತ್ತೆ ಪೂರ್ತಿ ಕೇಳಿದರು. ಕೊನೆಯ ಹಾಡು ಮುಗಿಯುವ ಹೊತ್ತಿಗೆ ಬಾಯಿ ಸ್ವಲ್ಪ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ ನಿದ್ದೆ ಹೋದರು. ಹಾಡುವಾಗ ಯಾರಾದರೂ ಆಕಳಿಸಿದರೂ ಜಗಳಕ್ಕೆ ಹೋಗುತ್ತಿದ್ದ ಮಾವ ಕಣ್ಣೊರೆಸಿಕೊಂಡು, "ನಿದ್ದೆ ಬಂತು ಕಣ್ರೋ ಅವಳಿಗೆ! ನನ್ನ ಹಾಡಿಗೆ ನಿದ್ದೆ ಬಂತು!" ಎಂದು ಎಲ್ಲರಿಗೂ ಫೋನು ಮಾಡಲು ಬೀದಿಯ ತುದಿಯವರೆಗೆ ಓಡಿದರು, ಅತ್ತೆಗೆ ಎಚ್ಚರವಾಗಬಾರದೆಂದು.

ಆ ವಾರ ಕಳೆಯುವುದರೊಳಗೆ ಅತ್ತೆ ಹೋದರು.

ಮೊನ್ನೆ ಸಂಜೆ ಹುಳಿ ತೆಗೆದುಕೊಂಡು ಮಾವನ ಮನೆಗೆ ಹೋಗಿದ್ದೆ. ನಾನು ಚಪ್ಪಲಿ ಬಿಡುತ್ತಿರುವಾಗಲೇ ಮಾವ ಎದ್ದು ಹೋಗಿ ಮೇನ್ ಸ್ವಿಚ್ಚು ಕೆಳಗೆಳೆದರು. ನಾನು ದೇವರ ದೀಪ ಹಚ್ಚಿದೆ. ಅವರು ಮೆಟ್ಟಿಲ ಮೇಲೆ ಕೂತು ನುಡಿಸಿದರು, ಒಂದಾದ ಮೇಲೊಂದು. ಪೂರ್ತಿ ಕತ್ತಲಾಯಿತು. ಸೊಳ್ಳೆ ಕಚ್ಚತೊಡಗಿತು. ನಾನು ಎದ್ದು ಸ್ವಿಚ್ಚಿನ ಮೇಲೆ ಕೈಯಿಟ್ಟು, "ಸಾಕು ಮಾವ, ಲೈಟ್ ಹಾಕ್ಲಾ?" ಎಂದೆ.

ಮಾವ ಏನೋ ಅಂದರು. ಅವರು ಅಂದದ್ದು ನನಗೆ ಕೇಳಿಸದೇ ಹೋದದ್ದು ಅದೇ ಮೊದಲು. ಹತ್ತಿರ ಹೋಗಿ ಬಾಗಿದೆ. ಅವರು ಮತ್ತೆ ಹೇಳಿದರು, ನನ್ನೊಬ್ಬಳಿಗೆ ಕೇಳಿಸುವಷ್ಟೇ ಮೆಲ್ಲಗೆ:

"ನಿಮ್ಮತ್ತೆ ಲೈಟ್ ಹಾಕಿದ್ಮೇಲೇ ನಾನು ನಿಲ್ಲಿಸ್ತಿದ್ದದ್ದು ಪುಟ್ಟಿ. ಈಗ ಯಾವಾಗ ನಿಲ್ಲಿಸ್ಬೇಕು ಅಂತ ಗೊತ್ತಾಗ್ತಿಲ್ಲ."