ಸೂರ್ಯನ ಬಳೆ ಮತ್ತು ಕುದಿಯುವ ಸಾರು

ನಾನು ನಿಂತಿದ್ದದ್ದು ಶಿವಮೊಗ್ಗದ ನವುಲೆಯಲ್ಲಿ, ಒಂದು ತರಬೇತಿ ಕೇಂದ್ರದ ಊಟದ ಶೆಡ್ಡಿಗೂ ಮಳೆಮಾಪಕ ನೆಟ್ಟಿದ್ದ ತಂತಿಬೇಲಿಗೂ ನಡುವೆ, ಒಂದು ಹೊಂಗೆಮರದ ನೆರಳು ಮುಗಿಯುವ ಕಡೆ. ತಿಂಗಳು ಏಪ್ರಿಲ್. ಹೊತ್ತು ಊಟದ್ದು. ಇಸವಿ ತೊಂಬತ್ತಾರೋ ತೊಂಬತ್ತೇಳೋ, ಅದೊಂದರ ಬಗ್ಗೆ ಮಾತ್ರ ನಾನು ಪ್ರಮಾಣ ಮಾಡಲಾರೆ. ಉಳಿದದ್ದಕ್ಕೆಲ್ಲ ಯಾವ ನ್ಯಾಯಾಲಯಕ್ಕಾದರೂ ಬಂದು ಸಾಕ್ಷಿ ಹೇಳಬಲ್ಲೆ. ಇಷ್ಟು ಬಿಗಿಯಾಗಿ ಹೇಳುವುದಕ್ಕೆ ಕಾರಣವಿದೆ. ಆ ದಿನ ಕಂಡದ್ದನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಸರೋಜ ಕೇಳಿದ ಮೊದಲ ಪ್ರಶ್ನೆ, "ಬಿಸಿಲಲ್ಲಿ ತುಂಬಾ ಹೊತ್ತು ನಿಂತಿದ್ರಾ?" ಎಂದಾಗಿತ್ತು. ಅಂದಿನಿಂದ ನಾನು ಆಕಾಶದ ಬಗ್ಗೆ ಏನು ಹೇಳಿದರೂ ಮೊದಲು ನನ್ನ ಕಾಲು ಎಲ್ಲಿತ್ತು ಎಂಬುದನ್ನು ಹೇಳಿಯೇ ಶುರು ಮಾಡುತ್ತೇನೆ.

ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬೇಸಿಗೆ ರಜೆ ಹತ್ತಿರ ಬರುವಾಗ ನಮ್ಮಂಥವರನ್ನು ಹಿಡಿದು ತರಬೇತಿಗೆ ಕಳಿಸುವುದು ವಾಡಿಕೆ. ಆ ಸಲದ್ದು ಭೂಮಿ ಮತ್ತು ವಾಯುಮಂಡಲ. ಮಕ್ಕಳಿಗೆ ಮೋಡ, ಗಾಳಿ, ಮಣ್ಣು, ಮಳೆಗಳನ್ನು ಪುಸ್ತಕದಿಂದಲ್ಲ, ಹೊರಗೆ ನಿಲ್ಲಿಸಿ ಕಲಿಸಬೇಕು ಎಂದು ಹೇಳಿಕೊಡಲು ಬೆಂಗಳೂರಿನಿಂದ ವನಜಾಕ್ಷಿ ಮೇಡಂ ಬಂದಿದ್ದರು. ಅವರು ಮೊದಲ ದಿನವೇ, "ಮೇಷ್ಟ್ರುಗಳೇ, ನೀವು ಕೊನೇ ಸಲ ಆಕಾಶ ನೋಡಿದ್ದು ಯಾವಾಗ?" ಎಂದು ಕೇಳಿದರು. ಪಕ್ಕದಲ್ಲಿದ್ದ ನನ್ನ ಸಹೋದ್ಯೋಗಿ ಹಾಲೇಶಪ್ಪ, "ಕರೆಂಟ್ ಹೋದಾಗ, ಮೇಡಂ" ಎಂದ. ನಾವೆಲ್ಲ ನಕ್ಕೆವು. ಆದರೆ ನನ್ನ ಉತ್ತರವೂ ಅದೇ ಆಗಿತ್ತು.

ನಮ್ಮ ಊಟದ ಜವಾಬ್ದಾರಿ ಕೋಟೆ ಕಡೆಯ ಸುಬ್ರಾಯ ಭಟ್ಟರದು. ಅವರ ಸಾರಿನ ಪರಿಮಳ ಬೆಳಿಗ್ಗೆಯ ಉಪನ್ಯಾಸದ ಅರ್ಧಕ್ಕೇ ಒಳಗೆ ಬಂದು, ವಾಯುವಿನ ಚಲನೆಯನ್ನು ಯಾವ ಚಾರ್ಟಿಗಿಂತಲೂ ಚೆನ್ನಾಗಿ ತಿಳಿಸುತ್ತಿತ್ತು. ಆ ದಿನ ಗಂಟೆ ಹೊಡೆದ ಕೂಡಲೇ ನಾವು ತಟ್ಟೆ ಹಿಡಿದು ಶೆಡ್ಡಿಗೆ ಹೋದರೆ ಭಟ್ಟರು ಬಾಗಿಲಲ್ಲಿ ಕೈ ಅಡ್ಡ ಇಟ್ಟು ನಿಂತಿದ್ದರು. ಒಳಗೆ ಅನ್ನದ ಕೊಳಗ, ಸಾರಿನ ಪಾತ್ರೆ, ಮಜ್ಜಿಗೆಯ ಬಕೆಟ್ಟು ಎಲ್ಲದರ ಮೇಲೂ, ಗ್ರಹಣದ ಹೊತ್ತಿಗೆ ಇಡುವ ಹಾಗೆ, ಒಂದೊಂದು ದರ್ಭೆ.

"ಇವತ್ತು ಈಗ ಬಡಿಸಕ್ಕಾಗಲ್ಲ," ಎಂದರು ಭಟ್ಟರು. "ಸೂರ್ಯ ಸರಿಯಿಲ್ಲ."

ನಾನು ಹೊಂಗೆಮರದ ನೆರಳಿನಿಂದ ಒಂದು ಹೆಜ್ಜೆ ಹೊರಗೆ ಬಂದು ತಲೆ ಎತ್ತಿದೆ. ಸೂರ್ಯನ ಸುತ್ತ ಒಂದು ಬಳೆ ಇತ್ತು. ತುಂಡಲ್ಲ, ಮಬ್ಬಲ್ಲ, ಇಡೀ ಬಳೆ. ಒಳಗಿನ ಅಂಚು ಕೆಂಪು, ಆಮೇಲೆ ಹಳದಿ, ಹೊರಗೆ ನೀಲಿ ಬೆರೆತ ಬಿಳಿ. ಬಳೆಯ ಒಳಗಿನ ಆಕಾಶ ಹೊರಗಿನದಕ್ಕಿಂತ ಕಪ್ಪಾಗಿ, ಆಳವಾಗಿ, ಬಾವಿಯೊಂದನ್ನು ಬಗ್ಗಿ ನೋಡಿದ ಹಾಗಿತ್ತು. ಚಂದ್ರನ ಸುತ್ತ ಇಂಥದೇ ಬಳೆ ಬಂದು ಗುಡಿ ಕಟ್ಟುವುದನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೆ, ಒಂದೆರಡು ಸಲ ಕಂಡೂ ಇದ್ದೆ. ಸೂರ್ಯನಿಗೆ ಹೀಗೆ ಕಟ್ಟಿದ್ದನ್ನು ಕಂಡಿರಲಿಲ್ಲ. ಕೈಯಲ್ಲಿದ್ದ ತಟ್ಟೆಯ ನೆನಪೇ ಹೋಯಿತು.

ಮೇಡಂ ಓಡಿಬಂದರು. "ಭಟ್ರೇ, ಇದು ಗ್ರಹಣ ಅಲ್ಲ. ಸೂರ್ಯ ಪೂರ್ತಿ ಇದಾನೆ ನೋಡಿ. ಪಂಚಾಂಗದಲ್ಲೂ ಇಲ್ಲವಲ್ಲ?"

"ಇಲ್ಲ ಮೇಡಂ, ಅದೇ ಭಯ," ಎಂದರು ಭಟ್ಟರು. "ಪಂಚಾಂಗದಲ್ಲಿರೋ ಗ್ರಹಣ ಆದ್ರೆ ಬಿಡೋ ಹೊತ್ತು ಗೊತ್ತಿರುತ್ತೆ. ಇದು ಯಾವಾಗ ಬಿಡುತ್ತೋ ಯಾರಿಗ್ಗೊತ್ತು?"

ಮೇಡಂ ನಮ್ಮ ಕಡೆ ತಿರುಗಿ, "ನೀವಾದರೂ ಹೋಗಿ ಬಡಿಸ್ಕೊಳ್ಳಿ. ವಿಜ್ಞಾನದ ಮೇಷ್ಟ್ರುಗಳಲ್ವಾ?" ಎಂದರು. ನಾವೆಲ್ಲ ವಿಜ್ಞಾನದ ಮೇಷ್ಟ್ರುಗಳೇ. ಗ್ರಹಣ ಯಾಕಾಗುತ್ತದೆಂದು ನಿಂಬೆಹಣ್ಣು, ಚೆಂಡು ಹಿಡಿದು ಪ್ರತಿ ವರ್ಷ ತೋರಿಸುವವರೇ. ಆದರೂ ಒಬ್ಬನೂ ತಟ್ಟೆ ಮುಂದೆ ಚಾಚಲಿಲ್ಲ. ಒಬ್ಬರು ಬೆಳಗಿನ ಉಪ್ಪಿಟ್ಟು ಇನ್ನೂ ಕರಗಿಲ್ಲ ಎಂದರು. ಇನ್ನೊಬ್ಬರಿಗೆ ಅವತ್ತು ಒಪ್ಪತ್ತು ಎಂಬುದು ಥಟ್ಟನೆ ನೆನಪಾಯಿತು. ಹಾಲೇಶಪ್ಪ ನನ್ನ ಕಿವಿಯಲ್ಲಿ, "ನಂಗೇನ್ ನಂಬ್ಕೆ ಇಲ್ಲ ಮಾರಾಯ. ಆದ್ರೆ ಅಡಿಗೆಯೋರ ಮನಸ್ಸು ಯಾಕೆ ನೋಯ್ಸೋದು?" ಎಂದ. ನಾನೂ ತಟ್ಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

ಮೇಡಂ ಜಾಣೆ. ಬೈಯಲಿಲ್ಲ. ಹಸಿದ ಮೇಷ್ಟ್ರುಗಳನ್ನೆಲ್ಲ ಬಯಲಿಗೆ ಕರೆದು ಸಾಲಾಗಿ ನಿಲ್ಲಿಸಿದರು. "ಸೂರ್ಯನನ್ನ ನೇರ ನೋಡಬೇಡಿ. ತೋಳು ನೀಳವಾಗಿ ಚಾಚಿ, ಹೆಬ್ಬೆರಳಿಂದ ಸೂರ್ಯನನ್ನ ಮುಚ್ಚಿ. ಈಗ ಗೇಣು ಬಿಡಿಸಿ. ಕಿರುಬೆರಳು ಎಲ್ಲಿಗೆ ಬಂತು?" ಕಿರುಬೆರಳು ಬಳೆಯ ಮೇಲೆ ಬಂತು. ಎಲ್ಲರದೂ. ಕುಳ್ಳಗಿನವರದೂ ಬಂತು, ಉದ್ದಗಿನವರದೂ ಬಂತು. ಬಹಳ ಮೇಲೆ, ಹತ್ತಿ ಹಿಂಜಿದ ಹಾಗೆ ತೆಳುವಾದ ಮೋಡವಿದೆ, ಅದರಲ್ಲಿರುವುದು ನೀರಲ್ಲ, ಮಂಜಿನ ಹರಳು, ಬೆಳಕು ಅದರಲ್ಲಿ ಹೊಕ್ಕು ಬಾಗಿ ಬರುತ್ತದೆ ಎಂದರು. ಬೆವರಿ ಅಂಗಿ ಬೆನ್ನಿಗೆ ಅಂಟಿದ್ದ ನಮ್ಮ ನೆತ್ತಿಯ ಮೇಲೆ ಅಷ್ಟೊಂದು ಮಂಜುಗಡ್ಡೆ ಇದೆ ಎಂಬುದೇ ನನಗೆ ದೊಡ್ಡ ಸುದ್ದಿ. ಅವರು ಇನ್ನೊಂದು ಮಾತನ್ನೂ ಹೇಳಿದರು. ಅದನ್ನು ಆಮೇಲೆ ಬರೆಯುತ್ತೇನೆ.

ಭಟ್ಟರು ಶೆಡ್ಡಿನಿಂದ ಇಳಿದು ಬಂದು, ಸೌಟು ಎಡಗೈಗೆ ಬದಲಿಸಿ, ತಾವೂ ಗೇಣು ಚಾಚಿದರು. ತುಂಬಾ ಹೊತ್ತು ಚಾಚಿಯೇ ಇದ್ದರು. ಕೊನೆಗೆ, "ಇದು ಗ್ರಹಣ ಅಲ್ಲ," ಎಂದು ತೀರ್ಪು ಕೊಟ್ಟರು. "ಗ್ರಹಣ ಇಷ್ಟು ಚೆನ್ನಾಗಿರಲ್ಲ." ಒಳಗೆ ಹೋಗಿ ದರ್ಭೆಗಳನ್ನು ತೆಗೆದರು. ಮೇಷ್ಟ್ರುಗಳಿಗೆಲ್ಲ ಒಟ್ಟಿಗೇ ಹಸಿವಾಯಿತು. ಫೋಟೋ ಏಕಿಲ್ಲ ಎಂದು ನೀವು ಕೇಳಬಹುದು. ಕೇಂದ್ರದ ಕ್ಯಾಮೆರಾ ಇತ್ತು. ರೀಲಿನಲ್ಲಿ ಉಳಿದಿದ್ದ ಚೂರು, ಸಮಾರೋಪಕ್ಕೆ ಬರುವ ಮುಖ್ಯ ಅತಿಥಿಗಳಿಗೆಂದು ಮೀಸಲಾಗಿತ್ತು. ಅತಿಥಿಗಳು ಬರಲಿಲ್ಲ.

ಸಂಜೆ ಭದ್ರಾವತಿಯಲ್ಲಿ ಬಸ್ಸಿಳಿದು ಜನ್ನಾಪುರದ ಮನೆಗೆ ಓಡುತ್ತಲೇ ಬಂದೆ. ಬಿಸಿಲಿನ ಪ್ರಶ್ನೆ ಮುಗಿದ ಮೇಲೆ ಸರೋಜ ಕೂತು ಪೂರ್ತಿ ಕೇಳಿದಳು. ಆಮೇಲೆ, "ನಂಗೂ ತೋರಿಸ್ತೀರಾ?" ಎಂದಳು. ಅವಳು ನನ್ನನ್ನು ಏನನ್ನೂ ಕೇಳುವವಳಲ್ಲ. ಅದಕ್ಕೂ ಒಂದು ಹಿನ್ನೆಲೆ ಇದೆ. ಮದುವೆಯಾದ ಹೊಸದರಲ್ಲಿ ನಾನು ಅವಳನ್ನು ಜೋಗ ತೋರಿಸುತ್ತೇನೆಂದು ಕರೆದೊಯ್ದಿದ್ದು ಕಡು ಬೇಸಿಗೆಯಲ್ಲಿ, ಶಾಲೆಗೆ ರಜೆ ಸಿಕ್ಕಾಗ. ಜಲಪಾತ ಇರಬೇಕಾದ ಜಾಗವನ್ನು ಬಹಳ ಹೊತ್ತು ನೋಡಿ ಅವಳು, "ಬಂಡೆ ಚೆನ್ನಾಗಿದೆ," ಎಂದಿದ್ದಳು. ಅಷ್ಟೇ. ಮತ್ತೆ ಎಂದೂ ಏನನ್ನೂ ತೋರಿಸಿ ಎಂದಿರಲಿಲ್ಲ. ಈಗ ಕೇಳಿದ್ದಾಳೆ. "ತೋರಿಸ್ತೀನಿ," ಎಂದೆ. ವರ್ಷದಲ್ಲಿ ಹಲವು ಸಲ ಬರುತ್ತದೆ, ಜನ ತಲೆ ಎತ್ತುವುದಿಲ್ಲ ಅಷ್ಟೇ ಎಂದು ಮೇಡಂ ಹೇಳಿದ್ದ ಧೈರ್ಯ ನನಗಿತ್ತು.

ಅಲ್ಲಿಂದ ನನ್ನ ಮಹಡಿವಾಸ ಶುರುವಾಯಿತು. ರಜೆಯ ದಿನ ಆಕಾಶ ಸ್ವಲ್ಪ ಹಾಲುಗಟ್ಟಿದರೆ ಸಾಕು, ನಾನು ಮೇಲೆ. ನಡು ಆಕಾಶಕ್ಕೆ ಗೇಣು ಹಾಕಿ ನಿಂತವನನ್ನು ಕಂಡು ಪಕ್ಕದ ಮನೆಯ ಪೊನ್ನಮ್ಮ, "ಏನ್ ಸಾರ್, ಮೇಲಿರೋ ದೇವ್ರಿಗೇ ಅಂಗಿ ಅಳತೆ ತಗೋತಿದ್ದೀರಾ?" ಎನ್ನುತ್ತಿದ್ದರು. ಅವರ ಗಂಡ ಕಾರ್ಖಾನೆಯಲ್ಲಿ. ತಮಿಳಿನ ಮನೆಮಾತು, ಕನ್ನಡದ ಚೇಷ್ಟೆ. ಬೀದಿಯವರೆಲ್ಲ ನನ್ನನ್ನು ಮಳೆ ಹೇಳುವವನೆಂದು ತಿಳಿದು ಮದುವೆ ಚಪ್ಪರಕ್ಕೆ, ಹಪ್ಪಳಕ್ಕೆ, ಗಾರೆ ಕೆಲಸಕ್ಕೆ ದಿನ ಕೇಳಲು ಬಂದರು. ನಾನು ಕಲಿತದ್ದು ಮಳೆ ಅಳೆಯುವುದು, ಹೇಳುವುದಲ್ಲ ಎಂದರೆ, "ಇರ್ಲಿ ಬಿಡಿ ಮೇಷ್ಟ್ರೇ, ಅಂದಾಜು ಹೇಳಿ," ಎನ್ನುವರು.

ಬಳೆ ಬರುತ್ತಿರಲಿಲ್ಲವೆಂದಲ್ಲ. ಬರುತ್ತಿತ್ತು. ಕಾಲು ಬಳೆ, ಅರೆ ಬಳೆ, ಬಣ್ಣ ಹೋದ ಬಳೆ. "ಸರೋಜಾ, ಬೇಗ ಬಾ!" ಎಂದು ಕೂಗುತ್ತಿದ್ದೆ. ಕೆಳಗಿನಿಂದ, "ಸಾರು ಕುದೀತಿದೆ ಕಣ್ರೀ, ಒಗ್ಗರಣೆ ಹಾಕಿ ಬರ್ತೀನಿ," ಎನ್ನುವಳು. ಒಗ್ಗರಣೆ ಹಾಕಿ, ಕೈ ಒರೆಸಿ, ಮೆಟ್ಟಿಲು ಹತ್ತುವಷ್ಟರಲ್ಲಿ ಮೋಡ ಸರಿದಿರುತ್ತಿತ್ತು. "ಮೋಡಕ್ಕೆ ಸ್ವಲ್ಪ ನಿಲ್ಲೋಕೆ ಹೇಳ್ಬಾರ್ದಿತ್ತಾ?" ಎಂದು ಅವಳು ನಗುವಳು. "ಸಾರಿಗೆ ಹೇಳ್ಬಾರ್ದಿತ್ತಾ?" ಎಂದು ನಾನು ರೇಗುವೆನು. ಆದರೂ ಇಳಿಯುವ ಮುಂಚೆ ಅವಳು ಒಂದು ಗಳಿಗೆ ಆ ಖಾಲಿ ಆಕಾಶವನ್ನು ನೋಡಿಯೇ ಇಳಿಯುತ್ತಿದ್ದಳು. ಆ ನೋಟವೇ ನನ್ನನ್ನು ಮತ್ತೆ ಮತ್ತೆ ಮೇಲಕ್ಕೆ ಹತ್ತಿಸುತ್ತಿದ್ದದ್ದು.

ವರ್ಷಗಳು ಹೀಗೇ ಹೋದವು. ಆಕಾಶ ನೋಡುವ ಖ್ಯಾತಿಯಿಂದಲೋ ಏನೋ, ಇಲಾಖೆಯವರು ನನ್ನನ್ನೇ ಸಂಪನ್ಮೂಲ ವ್ಯಕ್ತಿಯನ್ನಾಗಿ ಮಾಡಿದರು. ಆ ಹೊತ್ತಿಗೆ ಎಲ್ಲರ ಜೇಬಿಗೂ ಮೊಬೈಲು ಬಂದಿತ್ತು. ಶಿವಮೊಗ್ಗದ ಒಂದು ಸಭಾಂಗಣದಲ್ಲಿ ಹೊಸ ಮೇಷ್ಟ್ರುಗಳಿಗೆ ತರಬೇತಿ. ಪರದೆಯ ಮೇಲೆ ಚಿತ್ರ ಚೆನ್ನಾಗಿ ಕಾಣಲಿ ಎಂದು ಕಿಟಕಿಗಳಿಗೆಲ್ಲ ಜಮಖಾನ ಹೊದಿಸಿದ್ದೆವು. "ಮೊಬೈಲ್ ಆಫ್ ಮಾಡಿ," ಎಂದು ಹೇಳಿ, ಮಾದರಿಯಾಗಿರಲೆಂದು ನನ್ನದನ್ನು ಮೊದಲು ಆಫ್ ಮಾಡಿದೆ. ಆಮೇಲೆ ಸೂರ್ಯನ ಬಳೆಯ ಚಿತ್ರ ಹಾಕಿದೆ. ನನಗೆ ಬಹಳ ಪ್ರೀತಿಯ ಪಾಠ. ಹಿಂದಿನ ಸಾಲಿನಿಂದ ಒಬ್ಬ ಟೀಚರು, "ಸಾರ್, ಇದು ನಮ್ ಕಡೆನೂ ಕಾಣುತ್ತಾ?" ಎಂದು ಕೇಳಿದರು. "ಖಂಡಿತ ಕಾಣುತ್ತೆ," ಎಂದೆ, ಕತ್ತಲಲ್ಲಿ ನಿಂತು. "ತಲೆ ಎತ್ತಬೇಕು ಅಷ್ಟೇ."

ಊಟಕ್ಕೆ ಹೊರಗೆ ಬಂದು ಮೊಬೈಲ್ ಆನ್ ಮಾಡಿದ ತಕ್ಷಣ ಅದು ಕೈಯಲ್ಲೇ ನಡುಗತೊಡಗಿತು. ಸರೋಜ. "ಎಲ್ಲಿದ್ರೀ? ಬಂದಿತ್ತು ಕಣ್ರೀ! ಇಡೀ ಬಳೆ! ಒಳಗೆ ಕೆಂಪು, ಹೊರಗೆ ನೀಲಿ, ನೀವು ಹೇಳಿದ್ ಹಾಗೇ. ಗೇಣು ಹಾಕಿ ನೋಡ್ದೆ, ಕಿರುಬೆರಳು ಸರಿಯಾಗಿ ಬಂತು. ಪೊನ್ನಮ್ಮನ್ನೂ ಕರೆದೆ. ಸ್ಟವ್ ಆರಿಸಿಟ್ಟು ಓಡ್ದೆ ಗೊತ್ತಾ?"

ನಾನು ತಲೆ ಎತ್ತಿದೆ. ಶಿವಮೊಗ್ಗದ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. "ಎಷ್ಟು ಹೊತ್ತು ಇತ್ತು?" ಎಂದು ಕೇಳಿದೆ.

"ನೀವು ಫೋನ್ ಎತ್ತದಷ್ಟು ಹೊತ್ತು," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಇಬ್ರೂ ಒಟ್ಟಿಗೆ ನೋಡ್ಬೇಕಿತ್ತು ಕಣ್ರೀ. ಮುಂದಿನ ಸಲ," ಎಂದಳು.

ಮೇಡಂ ಅಂದು ಹೇಳಿದ ಆ ಇನ್ನೊಂದು ಮಾತು ಇದು. ಪಕ್ಕಪಕ್ಕದಲ್ಲಿ ನಿಂತ ಇಬ್ಬರೂ ಕಾಣುವುದು ಒಂದೇ ಬಳೆಯನ್ನಲ್ಲ. ಅವರವರ ಕಣ್ಣಿಗೆ ಬರುವ ಬೆಳಕು ಬೇರೆ ಬೇರೆ ಹರಳಿನಿಂದ ಬಂದದ್ದು, ಒಬ್ಬೊಬ್ಬರಿಗೂ ಅವರದೇ ಬಳೆ. ಇದನ್ನು ನಾನು ಎಲ್ಲ ತರಬೇತಿಯಲ್ಲೂ ಹೇಳುತ್ತೇನೆ. ಸರೋಜಳಿಗೆ ಹೇಳಿಲ್ಲ. ಹೇಳುವ ಉದ್ದೇಶವೂ ಇಲ್ಲ. ಭುಜಕ್ಕೆ ಭುಜ ತಾಗಿ ನಿಂತರೆ ಹರಳುಗಳೂ ಹತ್ತಿರ ಹತ್ತಿರದವೇ ಇರಬೇಕು ಎಂಬುದು ನನ್ನ ಸ್ವಂತ ಸಂಶೋಧನೆ.

ನವುಲೆಯ ಬಳೆಯನ್ನು ನನ್ನ ಜೊತೆ ಕಂಡವರಲ್ಲಿ ಸುಬ್ರಾಯ ಭಟ್ಟರು ಈಗ ಇಲ್ಲ. ವನಜಾಕ್ಷಿ ಮೇಡಂ ಎಲ್ಲಿದ್ದಾರೋ ತಿಳಿಯದು. ಹಾಲೇಶಪ್ಪ ಇದ್ದಾನೆ, ಆದರೆ ಅವನ ಸಾಕ್ಷಿ ನಿಲ್ಲುವುದಿಲ್ಲ. ಅವನಿಗೆ ನೆನಪಿರುವುದು ಅಂದು ಊಟ ತಡವಾದದ್ದು ಮಾತ್ರ. ಜನ್ನಾಪುರದ ಬಳೆಯನ್ನು ಕಂಡವರಲ್ಲಿ ಪೊನ್ನಮ್ಮ ಗಟ್ಟಿಮುಟ್ಟಾಗಿದ್ದಾರೆ, ಅನುಮಾನವಿದ್ದವರು ಹೋಗಿ ಕೇಳಬಹುದು. ಇನ್ನು ಸರೋಜ. ಅವಳು ಇದ್ದಾಳೆ. ಈ ಹೊತ್ತಿನಲ್ಲಿ ಮಹಡಿಯ ಮೇಲಿದ್ದಾಳೆ. "ರೀ, ಬೇಗ ಬನ್ನಿ!" ಎಂದು ಕೂಗುತ್ತಿದ್ದಾಳೆ. ನಾನು ಕೆಳಗಿನಿಂದ, "ಇರು ಮಾರಾಯ್ತಿ, ಈ ಒಂದು ಸಾಲು ಮುಗಿಸಿ ಬರ್ತೀನಿ," ಎಂದಿದ್ದೇನೆ.